ಅಡುಗೆಮನೆಯಲ್ಲಿ ತಯಾರಾದ ಹೆಡ್‌ಫೋನ್: ನಾಥಾನಿಯಲ್ ಬಾಲ್ಡ್ವಿನ್ ಅವರ ಬದುಕು ಮತ್ತು ಇಂದಿಗೂ ಉಳಿದಿರುವ ಒಂದು ತಪ್ಪು ನಂಬಿಕೆ

ಹೆಡ್‌ಫೋನ್ ಕೊಳ್ಳುವ ಮಾತು ಬಂದಾಗ ಹಲವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಬೆಲೆ ಹೆಚ್ಚಿದಷ್ಟೂ ಧ್ವನಿ ಚೆನ್ನಾಗಿರುತ್ತದೆ, ಧ್ವನಿ ಚೆನ್ನಾಗಿದ್ದರೆ ಸಾಕು, ತಲೆಯ ಮೇಲೆ ಅದು ಹೇಗೆ ಕೂರುತ್ತದೆ ಎಂಬುದು ಆಮೇಲಿನ ವಿಚಾರ ಎಂಬುದೇ ಆ ನಂಬಿಕೆ. ಮೂವತ್ತು ಸಾವಿರ, ಐವತ್ತು ಸಾವಿರ, ಲಕ್ಷ ರೂಪಾಯಿಯ ಓಪನ್-ಬ್ಯಾಕ್ ಹೆಡ್‌ಫೋನ್‌ಗಳನ್ನು ಹೋಲಿಸುವಾಗಲೂ ಧ್ವನಿಗೆ ಹತ್ತು ಸಾಲು, ಆರಾಮಕ್ಕೆ ಒಂದು ಸಾಲು ಮೀಸಲಾಗುವುದನ್ನು ನಾವು ಕಾಣುತ್ತೇವೆ.

ಇದು ಸರಿಯೇ? ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಯೂಟಾ ರಾಜ್ಯದ ಒಬ್ಬ ಎಂಜಿನಿಯರ್ ಸುಮಾರು 1910ರಲ್ಲೇ ಇದನ್ನು ಎದುರಿಸಿದ್ದರು. ಅವರ ಹೆಸರು ನಾಥಾನಿಯಲ್ ಬಾಲ್ಡ್ವಿನ್. ಇಂದು ನಾವು ಹೆಡ್‌ಫೋನ್ ಎಂದು ಗುರುತಿಸುವ ರೂಪವನ್ನು, ಅಂದರೆ ತಲೆಯ ಮೇಲೆ ಒಂದು ಪಟ್ಟಿ, ಎರಡು ಕಿವಿಗೆ ಎರಡು ಬಟ್ಟಲು ಎಂಬ ರೂಪವನ್ನು ಬಳಕೆಗೆ ತಂದವರಲ್ಲಿ ಅವರು ಮುಖ್ಯರು. ಅವರ ಬದುಕನ್ನು ನೋಡಿದರೆ ಮೇಲಿನ ನಂಬಿಕೆ ಎಲ್ಲಿ ತಪ್ಪುತ್ತದೆ ಎಂಬುದು ತಿಳಿಯುತ್ತದೆ.

ಮೊದಲಿಗರೇ ಬಾಲ್ಡ್ವಿನ್?

ಹೆಡ್‌ಫೋನ್ ಕಂಡುಹಿಡಿದವರು ಬಾಲ್ಡ್ವಿನ್ ಎಂದು ಅನೇಕ ಕಡೆ ಬರೆದಿರುತ್ತದೆ. ಇದು ಅರ್ಧ ಸತ್ಯ. ಕಿವಿಗೆ ಹಿಡಿದು ಕೇಳುವ ಸಾಧನಗಳು ಅವರಿಗಿಂತ ಮೊದಲೇ ಇದ್ದವು. ದೂರವಾಣಿ ಕೇಂದ್ರದ ನಿರ್ವಾಹಕರು ಒಂದು ಕಿವಿಗೆ ಮಾತ್ರ ಇರುವ ರಿಸೀವರನ್ನು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಫ್ರಾನ್ಸಿನ ಅರ್ನೆಸ್ಟ್ ಮರ್ಕಾಡಿಯೇ ಕಿವಿಯೊಳಗೆ ಇಡುವಂಥ ಪುಟ್ಟ ಸಾಧನಕ್ಕೆ 1891ರಲ್ಲಿ ಪೇಟೆಂಟ್ ಪಡೆದಿದ್ದರು. ಲಂಡನ್ನಿನಲ್ಲಿ 1895ರಿಂದ ಎಲೆಕ್ಟ್ರೋಫೋನ್ ಎಂಬ ಸೇವೆಯಿತ್ತು. ಚಂದಾದಾರರು ಗಲ್ಲದ ಕೆಳಗಿನಿಂದ ಹಿಡಿಕೆಯಲ್ಲಿ ಹಿಡಿಯುವ ಸಾಧನವನ್ನು ಕಿವಿಗಿಟ್ಟುಕೊಂಡು, ನಾಟಕಶಾಲೆಯ ಕಾರ್ಯಕ್ರಮವನ್ನು ಮನೆಯಲ್ಲೇ ಕುಳಿತು ಕೇಳುತ್ತಿದ್ದರು.

ಬಾಲ್ಡ್ವಿನ್ ಮಾಡಿದ್ದು ಬೇರೆ. ತೀರಾ ಕ್ಷೀಣವಾದ ಸಂಕೇತವನ್ನೂ ಕೇಳಿಸುವ ರಿಸೀವರ್ ಮತ್ತು ಅದನ್ನು ಗಂಟೆಗಟ್ಟಲೆ ಧರಿಸಲು ಬರುವ ತಲೆಪಟ್ಟಿ, ಈ ಎರಡನ್ನೂ ಅವರು ಒಂದೇ ಸಾಧನದಲ್ಲಿ ಕೂಡಿಸಿದರು.

ಫಿಲ್‌ಮೋರ್‌ನ ಹುಡುಗ

ಬಾಲ್ಡ್ವಿನ್ ಹುಟ್ಟಿದ್ದು 1878ರ ಡಿಸೆಂಬರ್ 1ರಂದು, ಯೂಟಾದ ಫಿಲ್‌ಮೋರ್ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲೇ ಕೈ ಸುಮ್ಮನಿರುತ್ತಿರಲಿಲ್ಲ. ಸಿಕ್ಕ ಸಾಮಾನುಗಳಿಂದ ಸೈಕಲ್, ಪುಟ್ಟ ಉಗಿ ಎಂಜಿನ್ ಮುಂತಾದವನ್ನು ತಾವೇ ಕಟ್ಟಿದ್ದರು. ಯೂಟಾದಲ್ಲಿ ಓದಿ, ಮುಂದೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿತರು. ಮರಳಿ ಬಂದು ಪ್ರೊವೊ ಪಟ್ಟಣದ ಚರ್ಚಿನ ವಿದ್ಯಾಸಂಸ್ಥೆಯಲ್ಲಿ ಭೌತಶಾಸ್ತ್ರ ಕಲಿಸಿದರು.

ಅವರು ಮಾರ್ಮನ್ ಪಂಥದವರು. ಆ ಚರ್ಚ್ 1890ರಲ್ಲೇ ಬಹುಪತ್ನಿತ್ವವನ್ನು ಅಧಿಕೃತವಾಗಿ ಕೈಬಿಟ್ಟಿತ್ತು. ಆದರೆ ಅದನ್ನು ಬಿಡಬಾರದಿತ್ತು ಎಂಬ ಗುಂಪೊಂದು ಒಳಗೇ ಉಳಿದಿತ್ತು. ಬಾಲ್ಡ್ವಿನ್ ಈ ಗುಂಪಿನ ಪರವಾಗಿದ್ದರು. ಈ ನಿಲುವಿನಿಂದಾಗಿ ಅವರು ಬೋಧನೆಯ ಕೆಲಸ ಕಳೆದುಕೊಂಡರು. ಇದನ್ನು ನಾವು ಇಲ್ಲಿ ಹೇಳಲು ಕಾರಣವಿದೆ. ಅವರ ಬದುಕಿನ ಕೊನೆಯ ಭಾಗ ಅರ್ಥವಾಗಲು ಇದು ಬೇಕು.

ಧ್ವನಿಯ ಕಡೆಗೆ ಅವರ ಗಮನ ಹರಿದದ್ದು ಒಂದು ಸಾಮಾನ್ಯ ತೊಂದರೆಯಿಂದ. ಸಾಲ್ಟ್ ಲೇಕ್ ಸಿಟಿಯಲ್ಲಿ ಟ್ಯಾಬರ್ನೇಕಲ್ ಎಂಬ ವಿಶಾಲವಾದ ಪ್ರಾರ್ಥನಾ ಮಂದಿರವಿದೆ. ಅಲ್ಲಿ ನಡೆಯುವ ಪ್ರವಚನ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆಗ ಇಂದಿನಂಥ ಮೈಕು, ಧ್ವನಿವರ್ಧಕಗಳು ಇರಲಿಲ್ಲ. ಒತ್ತಿದ ಗಾಳಿಯ ಸಹಾಯದಿಂದ ಧ್ವನಿಯನ್ನು ಹಿಗ್ಗಿಸಲು ಅವರು ಪ್ರಯೋಗ ನಡೆಸಿದರು. ಈ ದಾರಿಯಲ್ಲೇ ಅವರು ಹೆಚ್ಚು ಸೂಕ್ಷ್ಮವಾದ ರಿಸೀವರ್ ತಯಾರಿಸುವತ್ತ ಬಂದರು.

ತಕ್ಕಡಿಯಂಥ ಒಂದು ತುಂಡು ಕಬ್ಬಿಣ

ಆ ಕಾಲದ ಸಾಮಾನ್ಯ ರಿಸೀವರಿನಲ್ಲಿ ಒಂದು ತೆಳುವಾದ ಕಬ್ಬಿಣದ ಬಿಲ್ಲೆ, ಅದರ ಹಿಂದೆ ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿಯ ಸುರುಳಿ ಇರುತ್ತಿತ್ತು. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಸೆಳೆತ ಹೆಚ್ಚು ಕಡಿಮೆಯಾಗಿ ಬಿಲ್ಲೆ ಕಂಪಿಸುತ್ತದೆ, ನಮಗೆ ಧ್ವನಿ ಕೇಳುತ್ತದೆ. ಇದರಲ್ಲಿ ಒಂದು ತೊಡಕಿದೆ. ಅಯಸ್ಕಾಂತ ಬಿಲ್ಲೆಯನ್ನು ಯಾವಾಗಲೂ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಈ ಎಳೆತ ತಡೆಯಲು ಬಿಲ್ಲೆ ಬಿರುಸಾಗಿರಬೇಕು. ಬಿರುಸಾದ ಬಿಲ್ಲೆ ಸಣ್ಣ ಸಂಕೇತಕ್ಕೆ ಅಲುಗುವುದಿಲ್ಲ.

ಬಾಲ್ಡ್ವಿನ್ ಕೆಲಸವನ್ನು ಎರಡಾಗಿ ಹಂಚಿದರು. ಅಯಸ್ಕಾಂತದ ಧ್ರುವಗಳ ನಡುವೆ ಕಬ್ಬಿಣದ ಒಂದು ಪುಟ್ಟ ತುಂಡನ್ನು ಸಮತೋಲದಲ್ಲಿ ನಿಲ್ಲಿಸಿದರು. ಎರಡೂ ಕಡೆಯಿಂದ ಸೆಳೆತ ಸಮನಾಗಿರುವುದರಿಂದ ಅದು ತಕ್ಕಡಿಯ ದಂಡದಂತೆ ನಡುವೆ ನಿಂತಿರುತ್ತದೆ. ಅತಿ ಸಣ್ಣ ವಿದ್ಯುತ್ ಬಂದರೂ ಸಮತೋಲ ತಪ್ಪಿ ಅತ್ತಿತ್ತ ವಾಲುತ್ತದೆ. ಈ ಚಲನೆಯನ್ನು ಸೂಜಿಯಂಥ ಕಡ್ಡಿಯೊಂದು ಧ್ವನಿಯ ಬಿಲ್ಲೆಗೆ ಮುಟ್ಟಿಸುತ್ತದೆ. ಬಿಲ್ಲೆ ಈಗ ಕಬ್ಬಿಣದ್ದೇ ಆಗಿರಬೇಕಾಗಿಲ್ಲ. ಹಾಗಾಗಿ ಅವರ ರಿಸೀವರುಗಳಲ್ಲಿ ಹಗುರವಾದ ಅಭ್ರಕ, ನಮ್ಮ ಮಾತಿನಲ್ಲಿ ಕಾಗೆಬಂಗಾರ, ಬಳಕೆಗೆ ಬಂತು.

ಬ್ಯಾಲೆನ್ಸ್ಡ್ ಆರ್ಮೆಚರ್ ಎಂಬ ಈ ತತ್ವ ಇಂದಿಗೂ ಜೀವಂತವಾಗಿದೆ. ಶ್ರವಣ ಸಾಧನಗಳಲ್ಲಿ ಮತ್ತು ವೇದಿಕೆಯ ಗಾಯಕರು ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನ್‌ಗಳಲ್ಲಿ ಇದೇ ತತ್ವದ ಪುಟ್ಟ ಘಟಕಗಳಿರುತ್ತವೆ.

ನೌಕಾಪಡೆಗೆ ಬಂದ ಬಣ್ಣದ ಕಾಗದ

ಬಾಲ್ಡ್ವಿನ್ ತಮ್ಮ ಸಾಧನಕ್ಕೆ ಹಣ ಹೂಡುವವರನ್ನು ಹುಡುಕಿದರು, ಸಿಗಲಿಲ್ಲ. ಕೊನೆಗೆ 1910ರಲ್ಲಿ ಅಮೆರಿಕದ ನೌಕಾಪಡೆಗೆ ಪತ್ರ ಬರೆದರು. ನೀಲಿ, ಗುಲಾಬಿ ಬಣ್ಣದ ಕಾಗದದ ಮೇಲೆ ನೇರಳೆ ಶಾಯಿಯಲ್ಲಿ ಬರೆದ ಪತ್ರವದು. ಇಂಥ ಕಾಗದವನ್ನು ಕಚೇರಿಯಲ್ಲಿ ಯಾರಾದರೂ ಪಕ್ಕಕ್ಕಿಡುವ ಸಾಧ್ಯತೆಯೇ ಹೆಚ್ಚಿತ್ತು. ಆದರೆ ನಿಸ್ತಂತು ವಿಭಾಗ ನೋಡಿಕೊಳ್ಳುತ್ತಿದ್ದ ಅಧಿಕಾರಿ ಆರ್ಥರ್ ಹೆಪ್ಬರ್ನ್, ಬಂದ ಸಾಧನವನ್ನು ಪರೀಕ್ಷೆಗೆ ಒಡ್ಡಿದರು.

ಆಗಿನ ನಿಸ್ತಂತುವಿನ ಸ್ಥಿತಿಯನ್ನು ನೆನಪಿಡಬೇಕು. ಬಂದ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್ ಬಳಕೆಯಲ್ಲಿರಲಿಲ್ಲ. ಗಾಳಿಯಲ್ಲಿ ಬಂದ ಕ್ಷೀಣ ಸಂಕೇತದ ಶಕ್ತಿಯೇ ಕಿವಿಯಲ್ಲಿ ಸದ್ದಾಗಬೇಕಿತ್ತು. ಇನ್ನೊಂದು ಹಡಗು ಕಳಿಸಿದ ಮೋರ್ಸ್ ಸಂಕೇತ, ಅಪಾಯದ ಕರೆಯೂ ಸೇರಿದಂತೆ, ನಿರ್ವಾಹಕನಿಗೆ ಕೇಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪರೀಕ್ಷೆಯಲ್ಲಿ ಬಾಲ್ಡ್ವಿನ್ ಅವರ ಸಾಧನ ನೌಕಾಪಡೆಯ ಬಳಿಯಿದ್ದ ಉಳಿದ ರಿಸೀವರುಗಳಿಗಿಂತ ಮೇಲೆನಿಸಿತು. ಅದರೊಳಗೆ ಸುತ್ತಿದ್ದ ಕೂದಲೆಳೆಯಂಥ ತಾಮ್ರದ ತಂತಿಯನ್ನು ಬಿಚ್ಚಿದರೆ ಮೈಲಿಯುದ್ದ, ಅಂದರೆ 1.6 ಕಿಲೋಮೀಟರಿನಷ್ಟು, ಇರುತ್ತಿತ್ತು.

ಧ್ವನಿಯಲ್ಲಿ ಗೆದ್ದಾಯಿತು. ಆದರೂ ನೌಕಾಪಡೆಗೆ ಒಂದು ತಕರಾರಿತ್ತು. ತಲೆಪಟ್ಟಿ ಧರಿಸಲು ಹಿತವಾಗಿರಲಿಲ್ಲ.

ಬಾಲ್ಡ್ವಿನ್ ಪಟ್ಟಿಯನ್ನು ಬದಲಿಸಿದರು. ಚರ್ಮ ಹೊದಿಸಿದ ಎರಡು ತಂತಿಯ ಕಮಾನುಗಳು ತಲೆಯ ಮೇಲೆ ಹಾದುಹೋಗುತ್ತಿದ್ದವು. ತುದಿಯಲ್ಲಿದ್ದ ಬಟ್ಟಲುಗಳನ್ನು ಧರಿಸುವವರ ತಲೆಗೆ ತಕ್ಕಂತೆ ಮೇಲೆ ಕೆಳಗೆ ಸರಿಸಬಹುದಿತ್ತು. ಭಾರ ಎರಡು ಕಡೆ ಹಂಚಿಹೋಯಿತು, ಒತ್ತಡ ಹಿಡಿತಕ್ಕೆ ಬಂತು. ನೌಕಾಪಡೆ ಕೊಳ್ಳಲು ಮುಂದಾಯಿತು. ಆಗ ತಿಳಿದ ಸಂಗತಿಯೆಂದರೆ, ಬಾಲ್ಡ್ವಿನ್ ಅವರಿಗೆ ಕಾರ್ಖಾನೆಯೇ ಇರಲಿಲ್ಲ. ಮನೆಯ ಅಡುಗೆಮನೆಯಲ್ಲಿ ಕೈಯಾರೆ ಜೋಡಿಸುತ್ತಿದ್ದುದರಿಂದ ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಹೆಡ್‌ಫೋನ್‌ಗಳ ಬೇಡಿಕೆಯನ್ನು ಅವರು ಒಪ್ಪಿಕೊಳ್ಳುವಂತಿರಲಿಲ್ಲ.

ತಲೆಪಟ್ಟಿಗೂ ಪೇಟೆಂಟ್ ಪಡೆಯುವಂತೆ ಅವರಿಗೆ ಸಲಹೆ ಬಂತು. ಅವರು ಪಡೆಯಲಿಲ್ಲ. ಅದು ತೀರಾ ಸಾಮಾನ್ಯ ವಸ್ತು, ಅದಕ್ಕೇಕೆ ಪೇಟೆಂಟ್ ಎಂಬುದು ಅವರ ಎಣಿಕೆ. ಧ್ವನಿ ದೊಡ್ಡದು, ಪಟ್ಟಿ ಚಿಕ್ಕದು ಎಂದು ನಾವು ಇಂದು ಮಾಡುವ ತಪ್ಪನ್ನು ಹೆಡ್‌ಫೋನ್ ಮಾಡಿದವರೇ ಮಾಡಿದ್ದರು.

ಏಳು ಮತ್ತು ಬೀಳು

ಮೊದಲ ಮಹಾಯುದ್ಧ ಬಂದಾಗ ಬೇಡಿಕೆ ಏರಿತು. ಯುದ್ಧದ ನಂತರ 1920ರಲ್ಲಿ ಪಿಟ್ಸ್‌ಬರ್ಗ್‌ನಿಂದ ಕೆಡಿಕೆಎ ಬಾನುಲಿ ಪ್ರಸಾರ ಆರಂಭಿಸಿದ ಮೇಲೆ ಅಮೆರಿಕದ ಮನೆಮನೆಗೆ ರೇಡಿಯೊ ಹುಚ್ಚು ಹಬ್ಬಿತು. ಬ್ಯಾಟರಿಯೂ ಬೇಡದ ಅಗ್ಗದ ಕ್ರಿಸ್ಟಲ್ ರೇಡಿಯೊಗಳಿಗೆ ಸೂಕ್ಷ್ಮವಾದ ಹೆಡ್‌ಫೋನ್ ಬೇಕೇ ಬೇಕಿತ್ತು. ಬಾಲ್ಡ್ವಿನ್ ಹೆಸರು ಎಲ್ಲರಿಗೂ ಪರಿಚಿತವಾಯಿತು. ವ್ಯಾಪಾರವನ್ನು ಪೂರ್ವದ ದೊಡ್ಡ ನಗರಗಳಿಗೆ ಒಯ್ಯದೆ, ಸಾಲ್ಟ್ ಲೇಕ್ ಸಿಟಿ ಬಳಿಯ ಮಿಲ್‌ಕ್ರೀಕ್‌ನಲ್ಲೇ ಕಾರ್ಖಾನೆ ಕಟ್ಟಿದರು. ನೂರಾರು ಜನರಿಗೆ ಅದು ಅನ್ನದ ದಾರಿಯಾಯಿತು. 1920ರ ದಶಕದ ಮೊದಲ ವರ್ಷಗಳಲ್ಲಿ ವಹಿವಾಟು ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಮುಟ್ಟಿತ್ತು.

ಆದರೆ ಹಣ ನಿಲ್ಲಲಿಲ್ಲ. ಬಹುಪತ್ನಿತ್ವದ ಪರವಾಗಿದ್ದ ಗುಂಪಿನವರಿಗೆ ಅವರು ಕೈಬಿಚ್ಚಿ ನೆರವಾದರು, ಕೆಲಸ ಕೊಟ್ಟರು, ವ್ಯವಹಾರದ ಆಡಳಿತಕ್ಕೂ ಸೇರಿಸಿಕೊಂಡರು. 1924ರಲ್ಲಿ ಸಂಸ್ಥೆ ದಿವಾಳಿಯಾಯಿತು. ಮುಂದೆ ಷೇರು ಮಾರಾಟದ ಸಂಬಂಧ ಅಂಚೆ ವಂಚನೆಯ ಮೊಕದ್ದಮೆ ನಡೆದು, 1930ರಲ್ಲಿ ಅವರಿಗೆ ಶಿಕ್ಷೆಯಾಯಿತು. ವಾಷಿಂಗ್ಟನ್ ರಾಜ್ಯದ ಮೆಕ್‌ನೀಲ್ ದ್ವೀಪದ ಸೆರೆಮನೆಯಲ್ಲಿ ಸುಮಾರು ಎರಡು ವರ್ಷ ಕಳೆದರು. ಹೊರಬಂದ ಮೇಲೆ ಹಳೆಯ ಸಿರಿ ಮರಳಲಿಲ್ಲ. 1961ರ ಜನವರಿಯಲ್ಲಿ, 82ನೆಯ ವಯಸ್ಸಿನಲ್ಲಿ, ಬಡತನದಲ್ಲೇ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 1958ರಲ್ಲಿ, ಮಿಲ್ವಾಕಿಯ ಜಾನ್ ಕಾಸ್ ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನ್ ತಂದಿದ್ದರು. ಹೆಡ್‌ಫೋನ್‌ನ ಹೊಸ ಕಾಲ ಬಾಲ್ಡ್ವಿನ್ ಅವರ ಕಣ್ಣೆದುರೇ, ಆದರೆ ಅವರಿಲ್ಲದೆ ಆರಂಭವಾಗಿತ್ತು.

ಅದೇ ಪ್ರಶ್ನೆ, ಹೊಸ ಹೆಡ್‌ಫೋನ್

ಈಗ ಓಪನ್-ಬ್ಯಾಕ್ ಹೆಡ್‌ಫೋನ್‌ಗಳಿಗೆ ಬರೋಣ. ಧ್ವನಿಯ ಪೊರೆ ಮುಂದಕ್ಕೆ ಸದ್ದು ಮಾಡುವಂತೆ ಹಿಂದಕ್ಕೂ ಮಾಡುತ್ತದೆ. ಮುಚ್ಚಿದ ಬಟ್ಟಲಿನಲ್ಲಿ ಹಿಂದಿನ ಸದ್ದು ಗೋಡೆಗೆ ಬಡಿದು ಮರಳಬಹುದು. ಓಪನ್-ಬ್ಯಾಕ್‌ನಲ್ಲಿ ಹಿಂಬದಿ ಜಾಲರಿಯಂತಿದ್ದು ಸದ್ದು, ಗಾಳಿ ಎರಡೂ ಹೊರಗೆ ಹೋಗುತ್ತವೆ. ಇದರಿಂದ ಧ್ವನಿ ವಿಶಾಲವಾಗಿ ಹರಡಿದಂತೆ ತೋರುತ್ತದೆ, ಕಿವಿ ಬೇಗ ಬೆವರುವುದಿಲ್ಲ. ಬದಲಿಗೆ ಹೊರಗಿನ ಗದ್ದಲ ಒಳಬರುತ್ತದೆ, ನಾವು ಕೇಳುವುದು ಪಕ್ಕದವರಿಗೂ ಕೇಳುತ್ತದೆ. ಇಂಥ ವಿನ್ಯಾಸವನ್ನು ಜನಪ್ರಿಯಗೊಳಿಸಿದ್ದು ಜರ್ಮನಿಯ ಸೆನ್ಹೈಸರ್ 1968ರಲ್ಲಿ ತಂದ ಎಚ್‌ಡಿ 414. ಅದು ಮೆಚ್ಚುಗೆ ಗಳಿಸಲು ಧ್ವನಿಯಷ್ಟೇ ಅದರ ಹಗುರತನವೂ ಕಾರಣ.

ದುಬಾರಿಯಾದಷ್ಟೂ ಆರಾಮ ಹೆಚ್ಚುತ್ತದೆಯೇ? ತೂಕವನ್ನೇ ನೋಡಿ. 1997ರಲ್ಲಿ ಬಂದ ಸೆನ್ಹೈಸರ್ ಎಚ್‌ಡಿ 600 ಸುಮಾರು 260 ಗ್ರಾಂ. ಅದಕ್ಕಿಂತ ಬಹಳ ದುಬಾರಿಯಾದ, 2009ರ ಎಚ್‌ಡಿ 800 ಸುಮಾರು 330 ಗ್ರಾಂ. ಇನ್ನೂ ದುಬಾರಿಯಾದ, ಫ್ರಾನ್ಸಿನ ಫೋಕಲ್ ಸಂಸ್ಥೆಯ 2016ರ ಯುಟೋಪಿಯಾ ಸುಮಾರು 490 ಗ್ರಾಂ. ಬೆಲೆಯ ಜೊತೆ ಭಾರವೂ ಏರಿದೆ. ಹಾಗೆಂದು ಭಾರವಾದದ್ದು ತೊಂದರೆ ಕೊಟ್ಟೇ ಕೊಡುತ್ತದೆ ಎಂದಲ್ಲ. ಪಟ್ಟಿ ಭಾರವನ್ನು ಹೇಗೆ ಹಂಚುತ್ತದೆ, ಕಿವಿಯ ಸುತ್ತ ಎಷ್ಟು ಒತ್ತುತ್ತದೆ ಎಂಬುದು ಮುಖ್ಯ. ಬಾಲ್ಡ್ವಿನ್ ಎರಡು ಕಮಾನುಗಳಿಂದ ಬಿಡಿಸಿದ್ದು ಇದೇ ಲೆಕ್ಕವನ್ನು.

ದುಬಾರಿಯಾದಷ್ಟೂ ಧ್ವನಿ ಉತ್ತಮವೇ? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿದರು. ಯಾವ ಸ್ವರ ಎಷ್ಟು ಜೋರಾಗಿ ಕೇಳುತ್ತದೆ ಎಂಬ ಲಕ್ಷಣಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ದುಬಾರಿ ಹೆಡ್‌ಫೋನ್‌ಗಳೆಲ್ಲ ಕೆಟ್ಟವು ಎಂದು ಇದರ ಅರ್ಥವಲ್ಲ. ಬೆಲೆಯ ಚೀಟಿ ನೋಡಿ ಧ್ವನಿ ಹೇಗಿರುತ್ತದೆ ಎಂದು ಹೇಳಲು ಬರುವುದಿಲ್ಲ, ಅಷ್ಟೇ.

ಇನ್ನೊಂದು ಮಾತು ಹೆಚ್ಚು ಮುಖ್ಯ. ಧ್ವನಿ ಮತ್ತು ಆರಾಮ ಬೇರೆ ಬೇರೆ ಅಲ್ಲ. ಕಿವಿಯ ಮೆತ್ತೆ ತಲೆಗೆ ಸರಿಯಾಗಿ ಕೂರದಿದ್ದರೆ ಸಂದಿನಲ್ಲಿ ಮಂದ್ರ ಸ್ವರಗಳು ಸೋರಿಹೋಗುತ್ತವೆ. ಕನ್ನಡಕದ ಕಡ್ಡಿ, ದಟ್ಟ ಕೂದಲು, ಸವೆದ ಮೆತ್ತೆ, ಸಡಿಲ ಪಟ್ಟಿ ಇವೆಲ್ಲ ಧ್ವನಿಯನ್ನೇ ಬದಲಿಸುತ್ತವೆ. ಒಂದೇ ಹೆಡ್‌ಫೋನ್ ಇಬ್ಬರಿಗೆ ಬೇರೆಯಾಗಿ ಕೇಳಲು ಇದೂ ಒಂದು ಕಾರಣ.

ನಾವು ಗಮನಿಸಬೇಕಾದ್ದು

ಓಪನ್-ಬ್ಯಾಕ್ ಹೆಡ್‌ಫೋನ್ ಕೊಳ್ಳುವವರು ಐದು ನಿಮಿಷದ ಬದಲು ಅರ್ಧ ಗಂಟೆಯಾದರೂ ಧರಿಸಿ ನೋಡುವುದು ಒಳ್ಳೆಯದು. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ನೋಡಬೇಕು. ನೆತ್ತಿ, ದವಡೆ, ಕಿವಿಯ ಅಂಚು ಎಲ್ಲಿ ನೋಯುತ್ತದೆ ಎಂದು ಗಮನಿಸಬೇಕು. ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮನಾಗಿರಲಿ. ಸ್ವಲ್ಪ ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿದೆ ಎನಿಸಿಬಿಡುತ್ತದೆ.

ಓಪನ್-ಬ್ಯಾಕ್ ಆದರೆ ಕಿವಿಗೆ ಹಾನಿಯಿಲ್ಲ ಎಂಬ ಮಾತನ್ನೂ ನಂಬಬೇಡಿ. ಗದ್ದಲವಿರುವ ಜಾಗದಲ್ಲಿ ಹೊರಗಿನ ಸದ್ದು ಮುಚ್ಚಲು ನಾವು ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಿತಿ. ಇಂಥ ಹೆಡ್‌ಫೋನ್ ನಿಶ್ಶಬ್ದವಾದ ಕೋಣೆಗೆ ಹೊಂದುತ್ತದೆ, ಬಸ್ಸಿಗಲ್ಲ.

ಬಾಲ್ಡ್ವಿನ್ ತಮ್ಮ ರಿಸೀವರಿಗೆ ಪೇಟೆಂಟ್ ಪಡೆದರು, ತಲೆಪಟ್ಟಿಯನ್ನು ಬಿಟ್ಟರು. ಇಂದಿನ ಹೆಚ್ಚಿನ ಓಪನ್-ಬ್ಯಾಕ್ ಹೆಡ್‌ಫೋನ್‌ಗಳಲ್ಲಿ ಅವರ ರಿಸೀವರ್ ಇಲ್ಲ. ತಲೆಗೆ ತಕ್ಕಂತೆ ಸರಿಸಬಹುದಾದ ಪಟ್ಟಿ ಮಾತ್ರ ಎಲ್ಲದರಲ್ಲೂ ಇದೆ.