ತಂದೆ–ಮಗನ ನಡುವೆ ಕಸ್ತೂರಬಾ

ಊರಿನಿಂದ ನೆಂಟರು ಪುಣೆಗೆ ಬಂದಾಗಲೆಲ್ಲ ಅವರನ್ನು ಆಗಾ ಖಾನ್ ಅರಮನೆಗೆ ಕರೆದುಕೊಂಡು ಹೋಗುವುದು ನಮ್ಮ ಮನೆಯ ವಾಡಿಕೆ. ಅಲ್ಲಿನ ಆವರಣದಲ್ಲಿ ಕಸ್ತೂರಬಾ ಮತ್ತು ಮಹಾದೇವ ದೇಸಾಯಿಯವರ ಸಮಾಧಿಗಳಿವೆ. ಕೈಮುಗಿದು, ಫೋಟೋ ತೆಗೆಸಿಕೊಂಡು ಬರುತ್ತಿದ್ದೆವು. ಆದರೆ ಆ ತಾಯಿಯ ಸಂಸಾರದ ಬಗ್ಗೆ ನಾನು ಓದತೊಡಗಿದ್ದು ನಮ್ಮ ಮನೆಯಲ್ಲೇ ಅಪ್ಪ–ಮಗನ ನಡುವೆ ಮಾತು ನಿಂತುಹೋದ ಮೇಲೆ. ಅವರು ಹೇಳಿದ್ದನ್ನು ಇವನಿಗೆ, ಇವನು ಹೇಳಿದ್ದನ್ನು ಅವರಿಗೆ ತಲುಪಿಸುವ ಅಂಚೆಯವಳಾಗಿದ್ದೆ ನಾನು.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಪೋರಬಂದರಿನ ವರ್ತಕರ ಮನೆಯಲ್ಲಿ. ಹದಿಮೂರು–ಹದಿನಾಲ್ಕರ ವಯಸ್ಸಿಗೇ ಮದುವೆ. ಗಂಡನಿಗೂ ಅಷ್ಟೇ ವಯಸ್ಸು. ತನ್ನ ಅಪ್ಪಣೆಯಿಲ್ಲದೆ ಹೆಂಡತಿ ಹೊರಗೆ ಕಾಲಿಡಬಾರದೆಂದು ಹುಡುಗ ಗಂಡ ಕಟ್ಟಳೆ ಮಾಡಿದ. ಆಕೆ ತನ್ನಷ್ಟಕ್ಕೆ ತಾನು ಹೋಗಿಬರುತ್ತಲೇ ಇದ್ದಳು. ಒಬ್ಬರಿಗೊಬ್ಬರು ಮಾತು ಬಿಡುವುದು ಆಗ ತಮ್ಮ ನಿತ್ಯದ ಪಾಡಾಗಿತ್ತೆಂದು ಗಾಂಧೀಜಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

1898ರಲ್ಲಿ ಡರ್ಬನ್ನಿನ ಮನೆಯಲ್ಲಿ ನಡೆದ ಜಗಳ ಇದಕ್ಕಿಂತ ದೊಡ್ಡದು. ಮನೆಯಲ್ಲಿ ಉಳಿದಿದ್ದ ಗುಮಾಸ್ತರೊಬ್ಬರ ಮೂತ್ರದ ಪಾತ್ರೆಯನ್ನು ಬಾ ಅಳುತ್ತಲೇ ಎತ್ತಿಕೊಂಡು ಬಂದರು. ನಗುನಗುತ್ತ ಮಾಡಬೇಕೆಂಬುದು ಗಂಡನ ಹಟ. ಸಿಟ್ಟಿನಲ್ಲಿ ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ಅಪ್ಪ–ಅಮ್ಮ, ಬಂಧುಬಳಗ ಯಾರೂ ಇಲ್ಲದ ಈ ದೇಶದಲ್ಲಿ ತಾನು ಎಲ್ಲಿಗೆ ಹೋಗಲಿ, ನಾಚಿಕೆಯಾಗುವುದಿಲ್ಲವೇ ಎಂದು ಬಾ ನೇರವಾಗಿ ಕೇಳಿದರು. ಗಂಡ ತಲೆತಗ್ಗಿಸಿ ಗೇಟು ಮುಚ್ಚಿದರು. ಎದುರುಬದುರು ಆಡಿದ ಆ ಮಾತು ಆ ದಿನ ಸಂಸಾರವನ್ನು ಉಳಿಸಿತು.

ಆದರೆ ಮಕ್ಕಳು ನಡುವೆ ಬಂದಾಗ ಹಾಗಾಗಲಿಲ್ಲ. 1901ರಲ್ಲಿ ದಕ್ಷಿಣ ಆಫ್ರಿಕಾ ಬಿಡುವಾಗ ಜನ ಕೊಟ್ಟ ಕಾಣಿಕೆಗಳಲ್ಲಿ ಬಾಗೆಂದೇ ಒಂದು ಚಿನ್ನದ ಹಾರವಿತ್ತು. ಅದನ್ನು ಸಾರ್ವಜನಿಕ ನಿಧಿಗೆ ಕೊಡಬೇಕೆಂದು ನಿಶ್ಚಯಿಸಿದ ಗಾಂಧೀಜಿ, ಹೆಂಡತಿ ಸುಲಭಕ್ಕೆ ಒಪ್ಪಲಾರಳೆಂದು ಮೊದಲು ಮಕ್ಕಳನ್ನು ಒಪ್ಪಿಸಿ ಅವರನ್ನೇ ತಮ್ಮ ವಕೀಲರನ್ನಾಗಿ ಮಾಡಿಕೊಂಡರು. ಬರುವ ಸೊಸೆಯರಿಗೆಂದು ಇಡುತ್ತೇನೆಂದ ತಾಯಿಯ ಮಾತು ನಿಲ್ಲಲಿಲ್ಲ. ಉದ್ದೇಶ ಒಳ್ಳೆಯದೇ. ಆದರೂ ಗಂಡ–ಹೆಂಡಿರ ಮಾತಿಗೆ ಮಕ್ಕಳನ್ನು ಎಳೆತಂದ ಈ ಘಟನೆ ಓದಿದಾಗ ನನಗೆ ನಮ್ಮ ಮನೆಯ ಊಟದ ಮೇಜು ನೆನಪಾಯಿತು.

ಹಿರಿಯ ಮಗ ಹರಿಲಾಲ್ ಹುಟ್ಟಿದ್ದು 1888ರಲ್ಲಿ. ತಂದೆಯ ಸತ್ಯಾಗ್ರಹದಲ್ಲಿ ಹಲವು ಬಾರಿ ಜೈಲಿಗೆ ಹೋದ ಹುಡುಗ. ಅಪ್ಪನಂತೆ ಬ್ಯಾರಿಸ್ಟರ್ ಆಗುವ ಆಸೆ ಅವನಿಗೆ. ಇಂಗ್ಲೆಂಡಿಗೆ ಕಳಿಸುವ ವಿದ್ಯಾರ್ಥಿವೇತನ ಬಂದಾಗ ಗಾಂಧೀಜಿ ಅದನ್ನು ಬೇರೆಯವರಿಗೆ ಕೊಡಿಸಿದರು. ಸ್ವಂತ ಮಗನಿಗೆ ಕೊಟ್ಟರೆ ಪಕ್ಷಪಾತವೆಂಬುದು ಅವರ ನಿಲುವು. ಮಗನಾಗಿ ಹುಟ್ಟಿದ್ದೇ ತಪ್ಪಾಯಿತೇ ಎಂಬುದು ಇವನ ನೋವು. 1911ರಲ್ಲಿ ಹರಿಲಾಲ್ ಮನೆ ಬಿಟ್ಟರು.

ಆಮೇಲೆ ಮನೆಯ ಮಾತೆಲ್ಲ ಅಚ್ಚಿನಲ್ಲಿ. 1915ರಲ್ಲಿ ಮಗ ತಂದೆಗೆ ಬರೆದ ದೂರಿನ ಪತ್ರವನ್ನು ಅಚ್ಚು ಹಾಕಿಸಿದ. 1925ರಲ್ಲಿ ಮಗನ ವ್ಯಾಪಾರಕ್ಕೂ ತಮಗೂ ಸಂಬಂಧವಿಲ್ಲವೆಂದು ತಂದೆ ತಮ್ಮ ಪತ್ರಿಕೆಯಲ್ಲಿ ಬರೆದರು. 1936ರಲ್ಲಿ, ಕುಡಿತ ಮತ್ತು ಮತಾಂತರದಿಂದ ಮಗ ಸುದ್ದಿಯಾದಾಗ, ತಾಯಿಯ ಪತ್ರವೂ ಪತ್ರಿಕೆಗಳಲ್ಲಿ ಬಂತು. ದೇಶವೆಲ್ಲ ಓದಿತು. ಆದರೆ ಮೂವರೂ ಒಂದು ಕೋಣೆಯಲ್ಲಿ ಕೂತು ಮನಸ್ಸು ಬಿಚ್ಚಿ ಮಾತಾಡುವುದು ಮಾತ್ರ ಕೂಡಿಬರಲಿಲ್ಲ. ಈ ನಡುವೆ 1918ರಲ್ಲಿ ಹರಿಲಾಲರ ಹೆಂಡತಿ ತೀರಿಕೊಂಡಾಗ, ಮೊಮ್ಮಕ್ಕಳ ಪಾಲನೆಗೆ ಅಜ್ಜಿ ಹೆಗಲು ಕೊಟ್ಟರು.

ಕಟ್ನಿ ನಿಲ್ದಾಣದ ಪ್ರಸಂಗ ನಿಮಗೂ ಗೊತ್ತಿರಬಹುದು. ರೈಲು ನಿಂತಾಗ ಹರಕು ಬಟ್ಟೆಯ ಹರಿಲಾಲ್ ಬಂದು ತಾಯಿಯ ಕೈಗೆ ಒಂದು ಕಿತ್ತಳೆ ಹಣ್ಣು ಕೊಟ್ಟರು. ತನಗೇನು ತಂದೆ ಎಂದು ತಂದೆ ಕೇಳಿದರೆ, ಇದು ಬಾಗೆ ಮಾತ್ರ ಎಂಬ ಉತ್ತರ. ತಂದೆಯ ದೊಡ್ಡಸ್ತಿಕೆಯೆಲ್ಲ ಬಾ ಅವರಿಂದ ಬಂದದ್ದೆಂದೂ ಸೇರಿಸಿದರು. ತಮ್ಮೊಡನೆ ಬಂದುಬಿಡು ಎಂದು ತಾಯಿ ಕರೆದರು. ಮಗ ಬರಲಿಲ್ಲ. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ. ನಮ್ಮ ಭಾಷೆಯಲ್ಲಿ ಅದು ಕರೆಯುವ ಮಾತು. ಆಕೆಗೆ ಎರಡೂ ಒಪ್ಪುತ್ತದೆ.

1942ರ ಆಗಸ್ಟಿನಿಂದ ಗಾಂಧೀಜಿ ಮತ್ತು ಬಾ ಈ ಅರಮನೆಯಲ್ಲಿ ಬಂಧಿಗಳು. 1944ರ ಫೆಬ್ರವರಿಯಲ್ಲಿ, ಸಾವಿಗೆ ಕೆಲವೇ ದಿನ ಮುಂಚೆ, ಹರಿಲಾಲ್ ಕುಡಿದ ಸ್ಥಿತಿಯಲ್ಲಿ ಬಂದರು. ಅದನ್ನು ನೋಡಲಾರದೆ ತಾಯಿ ಹಣೆ ಹಣೆ ಬಡಿದುಕೊಂಡರು. 22ರ ಸಂಜೆ ಗಂಡನ ತೊಡೆಯ ಮೇಲೆ ಪ್ರಾಣ ಬಿಟ್ಟರು. 1948ರ ಜನವರಿಯಲ್ಲಿ ಗಾಂಧೀಜಿ ಹೋದರು. ಜೂನ್ 18ರಂದು ಮುಂಬೈಯಲ್ಲಿ ಹರಿಲಾಲ್.

ಇದನ್ನೆಲ್ಲ ಓದಿ ಯಾರನ್ನೂ ದೂರುವ ಮನಸ್ಸು ನನಗಾಗಲಿಲ್ಲ. ಪ್ರೀತಿ ಮೂವರಲ್ಲೂ ಇತ್ತು. ತನಗೆ ಅನಿಸಿದ್ದನ್ನು ಗೇಟಿನ ಬಳಿ ಹೇಳಬಲ್ಲ ಹೆಂಗಸು ಕೂಡ, ಅಪ್ಪ–ಮಗನ ಮಾತನ್ನು ಅವರ ಪರವಾಗಿ ಆಡಲಾಗಲಿಲ್ಲ. ಯಾವ ತಾಯಿಗೂ ಅದು ಆಗುವ ಕೆಲಸವಲ್ಲ.

ಹೋದ ತಿಂಗಳು ಮಗ ಅಪ್ಪನಿಗೆ ಹೇಳಬೇಕಾದ್ದನ್ನು ಅಡುಗೆಮನೆಗೆ ಬಂದು ನನ್ನ ಕಿವಿಗೆ ಹಾಕಿದಾಗ, ನೀನೇ ಹೋಗಿ ಹೇಳು ಎಂದೆ. ಅವರಿಗೂ ಅದನ್ನೇ ಹೇಳಿದೆ. ಇಬ್ಬರೂ ಹತ್ತು ನಿಮಿಷ ಕೂತರು. ಅದರಲ್ಲಿ ಎಂಟು ನಿಮಿಷ ಜಗಳ. ನಾನು ಒಗ್ಗರಣೆ ಹಾಕುತ್ತ ಒಳಗೇ ಇದ್ದೆ. ಹೊರಗೆ ಹೋಗದೆ ಇರುವುದು ಬಲು ಕಷ್ಟವಾಯಿತು.