ಹೈರಮ್ ಬರ್ಡಾನ್

ಹೈರಮ್ ಬರ್ಡಾನ್ (ಸೆಪ್ಟೆಂಬರ್ 6, 1824 – ಮಾರ್ಚ್ 31, 1893) ಅಮೆರಿಕ ಸಂಯುಕ್ತ ಸಂಸ್ಥಾನದ ಯಂತ್ರಶಿಲ್ಪಿ, ಆವಿಷ್ಕಾರಕ ಮತ್ತು ಸೇನಾಧಿಕಾರಿ. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ ಪರವಾಗಿ ಗುರಿಕಾರರ ದಳಗಳನ್ನು ಕಟ್ಟಿದವರೆಂದು ಇವರು ಪ್ರಸಿದ್ಧರು. ಕಾಡತೂಸಿನ ಮದ್ದಿಗೆ ಕಿಡಿ ತಾಗಿಸುವ ಬರ್ಡಾನ್ ಪ್ರೈಮರ್ ಹಾಗೂ ರಷ್ಯಾ ಸೇನೆಯು ಬಳಸಿದ ಬರ್ಡಾನ್ ರೈಫಲ್ ಇವರ ಹೆಸರನ್ನು ಉಳಿಸಿವೆ. ಒಮ್ಮೆ ಹಾರಿಸಿದ ಹಿತ್ತಾಳೆ ಕವಚವನ್ನು ಮತ್ತೆ ಅಳತೆಗೆ ತಂದು ಬಳಸುವ ಪದ್ಧತಿಯ ಚರಿತ್ರೆಯಲ್ಲಿ ಬರ್ಡಾನರ ಸ್ಥಾನ ವಿಶಿಷ್ಟವಾದುದು. ಅವರು ಪ್ರಚಾರಕ್ಕೆ ತಂದ ಗಟ್ಟಿ ಕವಚವು ಆ ಪದ್ಧತಿಗೆ ಅನುಕೂಲವಾಯಿತು. ಅವರ ಪ್ರೈಮರ್ ಅದಕ್ಕೆ ತೊಡಕಾಯಿತು.

ಆರಂಭಿಕ ಜೀವನ

ಬರ್ಡಾನ್ ನ್ಯೂಯಾರ್ಕ್ ರಾಜ್ಯದ ಫೆಲ್ಪ್ಸ್ ಎಂಬಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಕುಟುಂಬವು ಮಿಷಿಗನ್ ಪ್ರಾಂತಕ್ಕೆ ವಲಸೆ ಹೋಯಿತು. ಅಲ್ಲಿನ ಹೊಲಮನೆಯಲ್ಲಿ ಬೆಳೆದ ಅವರಿಗೆ ಯಂತ್ರಗಳಲ್ಲಿಯೂ ಕೋವಿಯಲ್ಲಿಯೂ ಸಮಾನ ಆಸಕ್ತಿಯಿತ್ತು. ಅಂತರ್ಯುದ್ಧಕ್ಕೆ ಮೊದಲಿನ ವರ್ಷಗಳಲ್ಲಿ ದೇಶದ ಅತ್ಯುತ್ತಮ ಗುರಿಕಾರರಲ್ಲಿ ಒಬ್ಬರೆಂದು ಅವರಿಗೆ ಹೆಸರಿತ್ತು. ಅದಿರನ್ನು ಅರೆದು ಚಿನ್ನವನ್ನು ಬೇರ್ಪಡಿಸುವ ಯಂತ್ರ, ಪೈರು ಕೊಯ್ಯುವ ಯಂತ್ರ, ಬ್ರೆಡ್ ತಯಾರಿಸುವ ಯಾಂತ್ರಿಕ ಬೇಕರಿ ಮುಂತಾದ ಆವಿಷ್ಕಾರಗಳಿಂದ ಅವರು ಹಣವನ್ನೂ ಪರಿಚಯಬಲವನ್ನೂ ಸಂಪಾದಿಸಿದರು.

ಅಂತರ್ಯುದ್ಧದಲ್ಲಿ

1861ರಲ್ಲಿ ಯುದ್ಧ ಆರಂಭವಾದಾಗ, ಉತ್ತರದ ವಿವಿಧ ರಾಜ್ಯಗಳಿಂದ ಆಯ್ದ ಗುರಿಕಾರರ ಪ್ರತ್ಯೇಕ ದಳವೊಂದನ್ನು ಕಟ್ಟುವ ಯೋಜನೆಯನ್ನು ಬರ್ಡಾನ್ ಸರ್ಕಾರದ ಮುಂದಿಟ್ಟರು. ಸೇರಬಯಸುವವನು 200 ಗಜ ದೂರದಿಂದ ಹತ್ತು ಗುಂಡುಗಳನ್ನು ಹಾರಿಸಿ, ಎಲ್ಲವನ್ನೂ 10 ಅಂಗುಲ ವ್ಯಾಸದ ವೃತ್ತದೊಳಗೆ ಹಾಕಬೇಕಿತ್ತು. ಹೀಗೆ ಆಯ್ಕೆಯಾದವರಿಂದ 1ನೇ ಮತ್ತು 2ನೇ ಸಂಯುಕ್ತ ಸಂಸ್ಥಾನ ಶಾರ್ಪ್‌ಶೂಟರ್ ದಳಗಳು ರೂಪುಗೊಂಡವು. 1861ರ ನವೆಂಬರ್ 30ರಂದು ಬರ್ಡಾನ್ ಮೊದಲ ದಳದ ಕರ್ನಲ್ ಆಗಿ ನೇಮಕಗೊಂಡರು.

ಈ ದಳಗಳ ಸೈನಿಕರು ಎಲೆಗಳ ನಡುವೆ ಮರೆಯಾಗಲು ನೆರವಾಗುವ ಹಸಿರು ಸಮವಸ್ತ್ರ ಧರಿಸುತ್ತಿದ್ದರು. ಹಿಂಬದಿಯಿಂದ ಗುಂಡು ತುಂಬುವ ಶಾರ್ಪ್ಸ್ ರೈಫಲ್ ತಮಗೆ ಬೇಕೆಂಬುದು ಅವರ ಬೇಡಿಕೆಯಾಗಿತ್ತು. ಸೇನಾ ಶಸ್ತ್ರಾಸ್ತ್ರ ವಿಭಾಗದ ಮುಖ್ಯಸ್ಥ ಜೇಮ್ಸ್ ರಿಪ್ಲೆ ಇದನ್ನು ವಿರೋಧಿಸಿದರು. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಬೆಂಬಲದಿಂದ ಕೊನೆಗೆ 1862ರಲ್ಲಿ ಆ ಕೋವಿಗಳು ದೊರೆತವು.

1863ರ ಮೇ 2ರಂದು, ಚಾನ್ಸಲರ್ಸ್‌ವಿಲ್ ಕದನದ ಸಮಯದಲ್ಲಿ, ಬರ್ಡಾನರ ಸೈನಿಕರು ಕ್ಯಾಥರೀನ್ ಫರ್ನೇಸ್ ಬಳಿ 23ನೇ ಜಾರ್ಜಿಯಾ ದಳದ ಬಹುಪಾಲು ಸೈನಿಕರನ್ನು ಸೆರೆಹಿಡಿದರು. ಅದೇ ವರ್ಷ ಜುಲೈ 2ರಂದು ಗೆಟಿಸ್‌ಬರ್ಗ್‌ನಲ್ಲಿ ಸುಮಾರು ನೂರು ಗುರಿಕಾರರು ಮತ್ತು 3ನೇ ಮೇಯ್ನ್ ದಳದೊಡನೆ ಪಿಟ್ಜರ್ಸ್ ವುಡ್ಸ್ ಎಂಬ ಕಾಡಿನತ್ತ ಶೋಧಕ್ಕೆ ಹೋದ ಅವರು ಅಲಬಾಮಾದ ಪಡೆಯನ್ನು ಎದುರಿಸಿದರು. ಈ ಶೋಧದಿಂದ ದೊರೆತ ಮಾಹಿತಿಯು ಜನರಲ್ ಡೇನಿಯಲ್ ಸಿಕಲ್ಸ್ ತಮ್ಮ ಸೈನ್ಯವನ್ನು ಮುಂದಕ್ಕೆ ಸಾಗಿಸಲು ಒಂದು ಕಾರಣವಾಯಿತು.

ಬರ್ಡಾನರ ಸೇನಾ ನಾಯಕತ್ವದ ಬಗೆಗೆ ಒಮ್ಮತವಿಲ್ಲ. ದಳವನ್ನು ಕಟ್ಟುವುದರಲ್ಲಿ ಅವರಿಗಿದ್ದ ಸಾಮರ್ಥ್ಯವನ್ನು ಒಪ್ಪಿದವರೂ ಅವರ ಪ್ರಚಾರಪ್ರಿಯತೆಯನ್ನು ಟೀಕಿಸಿದರು. ಗುಂಡಿನ ಕಾಳಗದಿಂದ ಅವರು ದೂರವಿರುತ್ತಿದ್ದರೆಂದು ಅವರ ಕೈಕೆಳಗಿನ ಕೆಲವು ಅಧಿಕಾರಿಗಳು ದೂರಿದರು. 1864ರ ಜನವರಿ 2ರಂದು ಅವರು ಸೇನೆಯನ್ನು ತೊರೆದರು. ಮುಂದೆ ಚಾನ್ಸಲರ್ಸ್‌ವಿಲ್ ಸೇವೆಗಾಗಿ ಅವರಿಗೆ ಬ್ರಿಗೇಡಿಯರ್ ಜನರಲ್ ಎಂಬ ಗೌರವ ಪದವಿ ದೊರೆಯಿತು.

ಬರ್ಡಾನ್ ಪ್ರೈಮರ್

ಯುದ್ಧದ ನಂತರ ಬರ್ಡಾನ್ ಲೋಹದ ಕಾಡತೂಸಿನ ಸುಧಾರಣೆಗೆ ತೊಡಗಿದರು. ಕಾಡತೂಸಿನ ತಳದ ನಡುವೆ ಕೂರಿಸುವ ಪುಟ್ಟ ಲೋಹದ ಬಟ್ಟಲೇ ಪ್ರೈಮರ್. ಕೋವಿಯ ಕುದುರೆ ಎಳೆದಾಗ ಮೊಳೆಯೊಂದು ಈ ಬಟ್ಟಲಿಗೆ ಬಡಿಯುತ್ತದೆ. ಬಟ್ಟಲಿನೊಳಗಿನ ಸ್ಫೋಟಕವು ಮೊಳೆಗೂ ಅಡಿಗಲ್ಲಿನಂತಹ ಒಂದು ಗಟ್ಟಿ ಮೊನೆಗೂ ನಡುವೆ ಸಿಕ್ಕಿ ಸಿಡಿಯುತ್ತದೆ; ಅದರ ಕಿಡಿ ರಂಧ್ರದ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ.

ಈ ಅಡಿಗಲ್ಲನ್ನು ಕವಚದ ತಳದಲ್ಲಿಯೇ ಉಬ್ಬಾಗಿ ರೂಪಿಸುವುದು ಬರ್ಡಾನರ ವಿನ್ಯಾಸವಾಗಿತ್ತು. ಇದಕ್ಕೆ 1866ರ ಮಾರ್ಚ್ 20ರಂದು ಪೇಟೆಂಟ್ ದೊರೆಯಿತು. 1868ರಲ್ಲಿ ಸುಧಾರಿತ ರೂಪಕ್ಕೂ ಪೇಟೆಂಟ್ ಪಡೆದರು. ಅಡಿಗಲ್ಲು ನಟ್ಟನಡುವೆ ಇರುವುದರಿಂದ ಕಿಡಿಯ ರಂಧ್ರಗಳು ಅದರ ಇಕ್ಕೆಲಗಳಲ್ಲಿ ಇರುತ್ತವೆ. ಸಾಮಾನ್ಯವಾಗಿ ಅವು ಎರಡು. ಅದೇ 1866ರಲ್ಲಿ ಇಂಗ್ಲೆಂಡಿನ ವುಲ್ವಿಚ್‌ನಲ್ಲಿದ್ದ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥ ಎಡ್ವರ್ಡ್ ಮೌನಿಯರ್ ಬಾಕ್ಸರ್ ಬೇರೊಂದು ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಅಡಿಗಲ್ಲು ಪ್ರೈಮರಿನೊಳಗೇ ಇರುವ ಬಿಡಿಭಾಗ. ಕವಚದ ತಳದ ನಡುವೆ ಒಂದೇ ರಂಧ್ರ.

ಬಾಕ್ಸರ್ ಅವರ ಆರಂಭದ ಕಾಡತೂಸಿನ ಕವಚವು ತೆಳು ಹಿತ್ತಾಳೆ ತಗಡನ್ನು ಸುರುಳಿ ಸುತ್ತಿ ಮಾಡಿದುದಾಗಿತ್ತು. ಬರ್ಡಾನರದು ಒಂದೇ ಲೋಹದ ತುಂಡನ್ನು ಒತ್ತಿ ಎಳೆದು ಮಾಡಿದ ಗಟ್ಟಿ ಕವಚ. ಕಾಲಾಂತರದಲ್ಲಿ ಜಗತ್ತು ಕವಚದ ಮಟ್ಟಿಗೆ ಈ ಎರಡನೆಯ ಬಗೆಯನ್ನೇ ಒಪ್ಪಿತು. ಪ್ರೈಮರಿನ ವಿಷಯದಲ್ಲಿ ಮಾತ್ರ ವಿಚಿತ್ರವಾದ ಅದಲುಬದಲು ನಡೆಯಿತು: ಅಮೆರಿಕದವರ ಬರ್ಡಾನ್ ಪ್ರೈಮರ್ ಯುರೋಪಿನ ಸೇನೆಗಳಲ್ಲಿ ನೆಲೆಯೂರಿತು, ಇಂಗ್ಲೆಂಡಿನ ಬಾಕ್ಸರ್ ಪ್ರೈಮರ್ ಅಮೆರಿಕದಲ್ಲಿ ಪ್ರಧಾನವಾಯಿತು.

ರಷ್ಯಾದ ಬರ್ಡಾನ್ ರೈಫಲ್

ರಷ್ಯಾದ ಸೇನಾಧಿಕಾರಿಗಳಾದ ಗೋರ್ಲೊವ್ ಮತ್ತು ಗುನಿಯಸ್ ಅಮೆರಿಕಕ್ಕೆ ಬಂದು ಹೊಸ ಕೋವಿಗಳನ್ನು ಪರಿಶೀಲಿಸಿ, ಬರ್ಡಾನರ ಕೋವಿಯನ್ನು ಆರಿಸಿ ಅದರಲ್ಲಿ ಸುಧಾರಣೆಗಳನ್ನು ಮಾಡಿಸಿದರು. 1868ರ ಮಾದರಿಯು ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ ತಯಾರಾಯಿತು. 1870ರ ಎರಡನೆಯ ಮಾದರಿಯು ಬೋಲ್ಟ್ ಇರುವ, ಒಮ್ಮೆಗೆ ಒಂದೇ ಗುಂಡು ತುಂಬುವ ಕೋವಿ. ಇದರ ತಯಾರಿಕೆ ಮೊದಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿಯೂ ಬಳಿಕ ರಷ್ಯಾದ ತೂಲಾ, ಇಝೆವ್‌ಸ್ಕ್ ಮತ್ತು ಸೆಸ್ಟ್ರೊರೆಟ್ಸ್‌ಕ್ ಕಾರ್ಖಾನೆಗಳಲ್ಲಿಯೂ ನಡೆಯಿತು. ಇದರ ಕಾಡತೂಸು ಸೀಸೆಯಂತೆ ಹೆಗಲು ಮತ್ತು ಕಿರಿದಾದ ಕತ್ತು ಹೊಂದಿತ್ತು. 1891ರ ಮೋಸಿನ್ ರೈಫಲ್ ಬರುವವರೆಗೆ ಇದು ರಷ್ಯಾ ಸೇನೆಯ ಮುಖ್ಯ ಕೋವಿಯಾಗಿತ್ತು. ಆಮೇಲೆಯೂ ಸೈಬೀರಿಯಾದ ಬೇಟೆಗಾರರ ಕೈಯಲ್ಲಿ ಬೆರ್ದಾನ್ಕಾ ಎಂಬ ಹೆಸರಿನಿಂದ ಬಹುಕಾಲ ಉಳಿಯಿತು.

ಪೇಟೆಂಟ್ ವ್ಯಾಜ್ಯ ಮತ್ತು ಕೊನೆಯ ದಿನಗಳು

ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿನ ಹಿಂಬದಿಯ ಯಂತ್ರಭಾಗದಲ್ಲಿ ತಮ್ಮ ಪೇಟೆಂಟ್‌ಗಳನ್ನು ಬಳಸಿ ಸಂಭಾವನೆ ಕೊಟ್ಟಿಲ್ಲವೆಂದು ಬರ್ಡಾನ್ ಮತ್ತು ಅವರ ಕಂಪನಿ ಅಮೆರಿಕ ಸರ್ಕಾರದ ವಿರುದ್ಧ ದೀರ್ಘಕಾಲ ವ್ಯಾಜ್ಯ ನಡೆಸಿದರು. ಕಂಪನಿಯ ಹಕ್ಕನ್ನು ಭಾಗಶಃ ಮಾನ್ಯ ಮಾಡಿದ ತೀರ್ಪನ್ನು ಸುಪ್ರೀಂ ಕೋರ್ಟ್ 1895ರಲ್ಲಿ ಎತ್ತಿಹಿಡಿಯಿತು. ಅದನ್ನು ನೋಡಲು ಬರ್ಡಾನ್ ಬದುಕಿರಲಿಲ್ಲ. 1893ರ ಮಾರ್ಚ್ 31ರಂದು ವಾಷಿಂಗ್ಟನ್ ನಗರದಲ್ಲಿ ಅವರು ನಿಧನರಾಗಿದ್ದರು. ಅವರ ಸಮಾಧಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ. ಅಲಹಾಬಾದಿನಲ್ಲಿ ಕೆಲಕಾಲ ಪತ್ರಿಕಾ ಸಂಪಾದಕರಾಗಿದ್ದ ಕಾದಂಬರಿಕಾರ ಫ್ರಾನ್ಸಿಸ್ ಮೇರಿಯನ್ ಕ್ರಾಫರ್ಡ್ ಅವರ ಅಳಿಯ.

ಕವಚದ ಮರುಬಳಕೆಯಲ್ಲಿ ಬರ್ಡಾನ್ ವಿನ್ಯಾಸದ ಪರಿಣಾಮ

ಕಾಡತೂಸಿನ ಭಾಗಗಳಲ್ಲಿ ಮತ್ತೆ ಬಳಸಬಹುದಾದುದು ಹಿತ್ತಾಳೆಯ ಕವಚವೊಂದೇ. ಗುಂಡು ಹಾರಿದಾಗ ಅನಿಲದ ಒತ್ತಡಕ್ಕೆ ಕವಚವು ಹಿಗ್ಗಿ ಕೋವಿಯ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಒತ್ತಡ ಇಳಿದೊಡನೆ ಸ್ವಲ್ಪ ಕುಗ್ಗಿದರೂ ಮೊದಲಿನ ಅಳತೆಗೆ ಮರಳುವುದಿಲ್ಲ. ಆದ್ದರಿಂದ ಹೊಸ ಪ್ರೈಮರ್, ಮದ್ದು ಮತ್ತು ಗುಂಡನ್ನು ತುಂಬುವ ಮೊದಲು ಕವಚವನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಅಳತೆಗೆ ತರಬೇಕಾಗುತ್ತದೆ.

ಬಾಕ್ಸರ್ ಬಗೆಯ ಕವಚದಲ್ಲಿ ಅಚ್ಚಿನ ನಡುವಿನ ಕಡ್ಡಿಯು ಮಧ್ಯದ ರಂಧ್ರದ ಮೂಲಕ ಇಳಿದು ಹಳೆಯ ಪ್ರೈಮರನ್ನು ಹೊರತಳ್ಳುತ್ತದೆ. ಅಳತೆಗೆ ತರುವುದೂ ಪ್ರೈಮರ್ ತೆಗೆಯುವುದೂ ಒಂದೇ ಏಟಿಗೆ ಮುಗಿಯುತ್ತವೆ. ಬರ್ಡಾನ್ ಕವಚದಲ್ಲಿ ಅದೇ ಕಡ್ಡಿ ಅಡಿಗಲ್ಲಿಗೆ ತಾಗಿ ಬಾಗುತ್ತದೆ ಅಥವಾ ಮುರಿಯುತ್ತದೆ. ಹೀಗಾಗಿ ಹಳೆಯ ಪ್ರೈಮರನ್ನು ಮೊದಲೇ ಹೊರಗಿನಿಂದ ಕೊಕ್ಕೆಯಂತಹ ಉಪಕರಣದಿಂದ ಕೀಳಬೇಕು, ಇಲ್ಲವೇ ಕವಚಕ್ಕೆ ನೀರು ತುಂಬಿ ಅದರ ಒತ್ತಡದಿಂದ ಹೊರಡಿಸಬೇಕು. ಬಳಿಕ ಕಡ್ಡಿಯಿಲ್ಲದ ಅಚ್ಚಿನಲ್ಲಿ ಕವಚವನ್ನು ಒತ್ತಬೇಕು. ಖಾಲಿ ಕವಚಗಳನ್ನು ಆಯ್ದು ತುಂಬಿಸುವ ಉದ್ದೇಶವಿಲ್ಲದ ಸೇನೆಗೆ ಇದು ಕೊರತೆಯಾಗಲಿಲ್ಲ. ಪ್ರೈಮರ್ ಸರಳವಾದುದು ಲಾಭವೇ ಆಯಿತು. ಖರ್ಚು ಉಳಿಸಲು ತಾನೇ ತುಂಬಿಕೊಳ್ಳುವ ಬೇಟೆಗಾರನಿಗೂ ಗುರಿ ಸ್ಪರ್ಧಿಗೂ ಇದು ಅಡ್ಡಿಯಾಯಿತು.

ಪ್ರೈಮರ್ ಯಾವ ಬಗೆಯದಾದರೂ ಕವಚವನ್ನು ಎಷ್ಟರಮಟ್ಟಿಗೆ ಒತ್ತಬೇಕೆಂಬ ಆಯ್ಕೆ ಉಳಿಯುತ್ತದೆ. ಇದಕ್ಕೆ ಮೂರು ಕ್ರಮಗಳಿವೆ.

ಕತ್ತನ್ನು ಮಾತ್ರ ಒತ್ತುವುದು: ಹೊಸ ಗುಂಡನ್ನು ಹಿಡಿಯುವಷ್ಟು ಕತ್ತು ಕಿರಿದಾಗುತ್ತದೆ, ಉಳಿದ ಭಾಗವು ಹಾರಿಸಿದ ಕೋವಿಯ ಚೇಂಬರಿಗೆ ಹೊಂದಿಕೊಂಡೇ ಇರುತ್ತದೆ. ಹಿತ್ತಾಳೆಯ ದಣಿವು ಕಡಿಮೆ. ಆದರೆ ಆ ಕವಚವನ್ನು ಅದೇ ಕೋವಿಯಲ್ಲಿ ಮಾತ್ರ ಬಳಸಬೇಕು. ಹಲವು ಸಲ ಹಾರಿಸಿದ ಮೇಲೆ ಬೋಲ್ಟ್ ಬಿಗಿಯಾಗತೊಡಗುವುದರಿಂದ ಇಡೀ ಕವಚವನ್ನು ಒತ್ತುವುದು ಅನಿವಾರ್ಯವಾಗುತ್ತದೆ.

ಪೂರ್ಣ ಉದ್ದವನ್ನು ಒತ್ತುವುದು: ಕತ್ತು, ಹೆಗಲು, ಮೈ ಎಲ್ಲವೂ ಕಾರ್ಖಾನೆಯ ಅಳತೆಯ ಸಮೀಪಕ್ಕೆ ಬರುತ್ತವೆ. ಒಂದಕ್ಕಿಂತ ಹೆಚ್ಚು ಕೋವಿಗಳಲ್ಲಿ ಬಳಸುವ ಕಾಡತೂಸುಗಳಿಗೂ ತಾನಾಗಿ ಮರುತುಂಬಿಕೊಳ್ಳುವ ಕೋವಿಗಳಿಗೂ ಇದೇ ತಕ್ಕುದು. ಕವಚಕ್ಕೆ ಜಾರುಕ ಹಚ್ಚದಿದ್ದರೆ ಅದು ಅಚ್ಚಿನಲ್ಲಿಯೇ ಸಿಕ್ಕಿಕೊಳ್ಳುತ್ತದೆ.

ಹೆಗಲನ್ನು ಅಳೆದು ಒತ್ತುವುದು: ಪೂರ್ಣ ಉದ್ದದ ಅಚ್ಚನ್ನೇ ಹೊಂದಿಸಿ, ಹೆಗಲು ಒಂದೆರಡು ಸಾವಿರಾಂಶ ಅಂಗುಲದಷ್ಟು, ಎಂದರೆ ಸುಮಾರು 0.025ರಿಂದ 0.05 ಮಿಲಿಮೀಟರಿನಷ್ಟು ಮಾತ್ರ ಹಿಂದೆ ಸರಿಯುವಂತೆ ಮಾಡುವುದು. ಬೋಲ್ಟ್ ಸಲೀಸಾಗಿ ಮುಚ್ಚುತ್ತದೆ, ಕವಚದ ಆಯುಸ್ಸೂ ಹೆಚ್ಚುತ್ತದೆ.

ಹೆಗಲನ್ನು ಅಗತ್ಯಕ್ಕಿಂತ ಹೆಚ್ಚು ಹಿಂದಕ್ಕೆ ಒತ್ತಿದರೆ, ಪ್ರತಿ ಸಲ ಹಾರಿಸಿದಾಗಲೂ ಕವಚವು ಉದ್ದಕ್ಕೆ ಎಳೆಯಲ್ಪಟ್ಟು ತಳದ ಬಳಿ ತೆಳುವಾಗುತ್ತದೆ. ಕೊನೆಗೆ ಅಲ್ಲಿಯೇ ತುಂಡಾಗಿ ಬಿಸಿ ಅನಿಲ ಹಿಂದಕ್ಕೆ ಚಿಮ್ಮಿ ಹಾರಿಸುವವರಿಗೆ ಗಾಯವಾಗಬಹುದು. ತಳದ ಬಳಿ ಹೊಳೆಯುವ ಉಂಗುರದಂತಹ ಗೆರೆ ಕಂಡ ಕವಚವನ್ನು ಎಸೆಯಬೇಕೆಂಬ ನಿಯಮ ಇದರಿಂದಲೇ ಬಂದಿದೆ.

ಇಂದು ಮರುಬಳಕೆಗೆಂದು ಮಾರಾಟವಾಗುವ ಸಾಮಾನ್ಯ ರೈಫಲ್ ಕವಚದಲ್ಲಿ ಪ್ರತಿಸ್ಪರ್ಧಿಗಳಿಬ್ಬರ ಪಾಲೂ ಇದೆ: ಬರ್ಡಾನ್ ಪ್ರಚಾರಕ್ಕೆ ತಂದ ಬಗೆಯ ಗಟ್ಟಿ ಹಿತ್ತಾಳೆ, ಅದರ ತಳದಲ್ಲಿ ಬಾಕ್ಸರ್ ಪ್ರೈಮರ್. ಅಗ್ಗವಾಗಿ ದೊರೆಯುವ ಅನೇಕ ದೇಶಗಳ ಸೇನಾ ಕಾಡತೂಸುಗಳಲ್ಲಿ ಈಗಲೂ ಬರ್ಡಾನ್ ಪ್ರೈಮರ್ ಇರುತ್ತದೆ. ಆದುದರಿಂದ ಖಾಲಿ ಕವಚವನ್ನು ಅಚ್ಚಿಗೆ ಒತ್ತುವ ಮೊದಲು ಅದರೊಳಕ್ಕೆ ಬೆಳಕು ಹಿಡಿದು, ತಳದಲ್ಲಿ ಒಂದು ರಂಧ್ರವಿದೆಯೋ ಎರಡಿವೆಯೋ ಎಂದು ನೋಡುವುದು ರೂಢಿಯಲ್ಲಿದೆ.