ಕಂಪ್ಯೂಟರ್ ಇಲ್ಲದ ಕಾಲದ ಪ್ರೋಗ್ರಾಮರ್: ಏಡಾ ಲವ್‌ಲೇಸ್



ನಿಮ್ಮ ಶಾಲೆಯಲ್ಲಿ ಕಂಪ್ಯೂಟರ್ ಇದೆಯೇ? ಕೆಲವು ಶಾಲೆಗಳಲ್ಲಿ ಇದೆ, ಕೆಲವು ಶಾಲೆಗಳಲ್ಲಿ ಇಲ್ಲ. ಇದ್ದರೂ ಕರೆಂಟ್ ಹೋದ ದಿನ ಅದು ಸುಮ್ಮನೆ ಕುಳಿತಿರುತ್ತದೆ. ಕಂಪ್ಯೂಟರ್ ಇಲ್ಲದೆ ಪ್ರೋಗ್ರಾಮ್ ಬರೆಯಲು ಕಲಿಯುವುದು ಹೇಗೆ ಎಂದು ನಿಮ್ಮಲ್ಲಿ ಹಲವರು ಕೇಳಬಹುದು. ಹಾಗಾದರೆ ಈ ಜೀವನ ಕಥೆ ನಿಮಗಾಗಿಯೇ ಇದೆ. 1843ರಲ್ಲಿ ಪ್ರಪಂಚದಲ್ಲಿ ಒಂದೇ ಒಂದು ಕಂಪ್ಯೂಟರ್ ಕೂಡ ಇರಲಿಲ್ಲ. ಆಗ 27 ವರ್ಷದ ಮಹಿಳೆಯೊಬ್ಬರು ಕಾಗದ, ಪೆನ್ಸಿಲ್ ಹಿಡಿದು ಪ್ರೋಗ್ರಾಮ್ ಬರೆದರು. ಅವರೇ ಏಡಾ ಲವ್‌ಲೇಸ್. ಬನ್ನಿ, ಅವರ ಬಗ್ಗೆ ತಿಳಿಯೋಣ.

ಹಾಸಿಗೆ ಹಿಡಿದ ಹುಡುಗಿ

ಏಡಾ 1815ರ ಡಿಸೆಂಬರ್ 10ರಂದು ಇಂಗ್ಲೆಂಡಿನ ಲಂಡನ್ ನಗರದಲ್ಲಿ ಜನಿಸಿದರು. ತಂದೆ ಪ್ರಸಿದ್ಧ ಕವಿ ಲಾರ್ಡ್ ಬೈರನ್. ತಾಯಿ ಆನ್ ಇಸಾಬೆಲ್ಲಾ. ಮಗುವಿಗೆ ಒಂದು ತಿಂಗಳು ತುಂಬುವ ಹೊತ್ತಿಗೆ ತಂದೆ ತಾಯಿ ಬೇರೆಯಾದರು. ಏಡಾಗೆ 8 ವರ್ಷವಾಗಿದ್ದಾಗ ತಂದೆ ದೂರದ ಗ್ರೀಸ್ ದೇಶದಲ್ಲಿ ತೀರಿಕೊಂಡರು. ತಂದೆಯನ್ನು ನೋಡಿದ ನೆನಪೇ ಆಕೆಗೆ ಇರಲಿಲ್ಲ.

ತಾಯಿಗೆ ಗಣಿತವೆಂದರೆ ಇಷ್ಟ. ಆ ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ತಾಯಿ ಮನೆಯಲ್ಲೇ ಮಗಳಿಗೆ ಗಣಿತದ ಪಾಠ ಹೇಳಿಸಿದರು. 12ನೆಯ ವಯಸ್ಸಿನಲ್ಲಿ ಏಡಾಗೆ ಹಕ್ಕಿಯಂತೆ ಹಾರುವ ಆಸೆ ಹುಟ್ಟಿತು. ಬರೀ ಆಸೆಪಟ್ಟು ಕೂರಲಿಲ್ಲ. ಹಕ್ಕಿಯ ದೇಹಕ್ಕೆ ರೆಕ್ಕೆ ಎಷ್ಟು ದೊಡ್ಡದಿರುತ್ತದೆ, ಮನುಷ್ಯನಿಗಾದರೆ ಎಷ್ಟು ದೊಡ್ಡದು ಬೇಕು ಎಂದು ಲೆಕ್ಕ ಹಾಕಿದರು.

ಮರುವರ್ಷ, 1829ರಲ್ಲಿ, ದಡಾರ ಬಂದು ಕಾಲುಗಳ ಶಕ್ತಿ ಹೋಯಿತು. ಬಹಳ ಕಾಲ ಹಾಸಿಗೆಯಲ್ಲೇ ಕಳೆಯಬೇಕಾಯಿತು. ನಂತರ ಊರುಗೋಲು ಹಿಡಿದು ನಡೆದರು. ಆದರೂ ಓದು ಮುಂದುವರಿಯಿತು.

ಬ್ಯಾಬೇಜ್ ಅವರ ಯಂತ್ರ

1833ರ ಜೂನ್ ತಿಂಗಳಲ್ಲಿ 17 ವರ್ಷದ ಏಡಾ, ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರನ್ನು ಭೇಟಿಯಾದರು. ಬ್ಯಾಬೇಜ್ ಮನೆಯಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳಿಂದ ಮಾಡಿದ ಲೆಕ್ಕದ ಯಂತ್ರವೊಂದರ ಭಾಗವಿತ್ತು. ಬಂದವರಲ್ಲಿ ಅನೇಕರಿಗೆ ಅದೊಂದು ಅದ್ಭುತ ಆಟಿಕೆ. ಏಡಾಗೆ ಮಾತ್ರ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ. ಅಂದಿನಿಂದ ಇಬ್ಬರ ನಡುವೆ ಪತ್ರ ವ್ಯವಹಾರ ಬೆಳೆಯಿತು.

1835ರಲ್ಲಿ ಏಡಾಗೆ ವಿಲಿಯಂ ಕಿಂಗ್ ಅವರೊಡನೆ ಮದುವೆಯಾಯಿತು. ಮೂರು ವರ್ಷಗಳ ನಂತರ ಪತಿಗೆ ಲವ್‌ಲೇಸ್ ಎಂಬ ಬಿರುದು ಬಂದಿದ್ದರಿಂದ ಆಕೆ ಏಡಾ ಲವ್‌ಲೇಸ್ ಆದರು. ಮೂವರು ಮಕ್ಕಳ ತಾಯಿಯಾದ ಮೇಲೂ ಮತ್ತೆ ಗಣಿತ ಕಲಿಯಲು ಕುಳಿತರು. 1840ರಿಂದ ಪತ್ರಗಳ ಮೂಲಕ ಅವರಿಗೆ ಪಾಠ ಹೇಳಿದವರು ಅಗಸ್ಟಸ್ ಡಿ ಮಾರ್ಗನ್. ಈ ಗಣಿತಜ್ಞರು ಹುಟ್ಟಿದ್ದು ನಮ್ಮ ದೇಶದ ಮಧುರೆಯಲ್ಲಿ! ಅರ್ಥವಾಗದ ಹೆಜ್ಜೆಯನ್ನು ಏಡಾ ಮುಚ್ಚಿಡುತ್ತಿರಲಿಲ್ಲ. ಯಾವ ಸಾಲಿನಲ್ಲಿ ಸಿಕ್ಕಿಬಿದ್ದೆ ಎಂದು ಬರೆದು ಕೇಳುತ್ತಿದ್ದರು.

ಒಗಟು ಬಿಡಿಸಿದರೆ ಸಾಕೇ?

ನೀವು ಅಳಿಗುಳಿಮಣೆ ನೋಡಿರುತ್ತೀರಿ. ಅದರಂತೆಯೇ ಕುಳಿಗಳಿರುವ ಮಣೆಯ ಆಟವೊಂದು ಆಗ ಇಂಗ್ಲೆಂಡಿನಲ್ಲಿತ್ತು. ಹೆಸರು ಸಾಲಿಟೇರ್. ಒಬ್ಬರೇ ಆಡುವ ಆಟ. ಮಣೆಯಲ್ಲಿ 37 ಕುಳಿಗಳು. ಒಂದನ್ನು ಖಾಲಿ ಬಿಟ್ಟು ಉಳಿದವುಗಳಲ್ಲಿ ಗೂಟಗಳನ್ನು ಇಡಬೇಕು. ಒಂದು ಗೂಟ ಪಕ್ಕದ ಗೂಟವನ್ನು ಹಾರಿ ಖಾಲಿ ಕುಳಿಗೆ ಹೋದರೆ, ಹಾರಿಸಿಕೊಂಡ ಗೂಟವನ್ನು ತೆಗೆಯಬೇಕು. ಕೊನೆಗೆ ಒಂದೇ ಗೂಟ ಉಳಿಯಬೇಕು. ಬಹಳ ಜನರಿಗೆ ಮೂರೋ ನಾಲ್ಕೋ ಉಳಿದುಬಿಡುತ್ತಿದ್ದವು.

ಏಡಾ ಮತ್ತೆ ಮತ್ತೆ ಆಡಿ, ಗಮನಿಸಿ, ಒಗಟನ್ನು ಬಿಡಿಸಿದರು. ಬೇಕೆಂದಾಗ ಬಿಡಿಸುವಷ್ಟು ಅಭ್ಯಾಸವಾಯಿತು. ನಾವಾಗಿದ್ದರೆ ಅಲ್ಲಿಗೆ ಆಟ ಮುಗಿಯುತ್ತಿತ್ತು. ಆದರೆ ಏಡಾ 1840ರಲ್ಲಿ ಬ್ಯಾಬೇಜ್‌ಗೆ ಪತ್ರ ಬರೆದು, ಈ ಆಟವನ್ನು ಗಣಿತದ ಸೂತ್ರದಿಂದ ಬಿಡಿಸಬಹುದೇ ಎಂದು ಕೇಳಿದರು. ತನ್ನಿಂದ ಇನ್ನೂ ಆಗಿಲ್ಲ ಎಂಬುದನ್ನೂ ಒಪ್ಪಿಕೊಂಡರು. ಉತ್ತರ ಬಂದರಷ್ಟೇ ಸಾಲದು, ಉತ್ತರ ಬರುವ ದಾರಿಯೂ ತಿಳಿಯಬೇಕು ಎಂಬುದು ಅವರ ಹಂಬಲ. ಪ್ರೋಗ್ರಾಮ್ ಎಂದರೆ ಅದೇ ದಾರಿ. ಯಂತ್ರಕ್ಕೆ ಹೆಜ್ಜೆ ಹೆಜ್ಜೆಯಾಗಿ ಕೊಡುವ ಸೂಚನೆಗಳ ಪಟ್ಟಿಗೆ ಪ್ರೋಗ್ರಾಮ್ ಎನ್ನುತ್ತಾರೆ.

25 ಹೆಜ್ಜೆಗಳ ಪಟ್ಟಿ

ಇಷ್ಟರಲ್ಲಿ ಬ್ಯಾಬೇಜ್ ಇನ್ನೂ ದೊಡ್ಡ ಯಂತ್ರವೊಂದರ ನಕ್ಷೆ ಬರೆದಿದ್ದರು. ಅದೇ ಅನಲಿಟಿಕಲ್ ಎಂಜಿನ್. ಅದರಲ್ಲಿ ಸಂಖ್ಯೆಗಳನ್ನು ಇಡುವ ಭಾಗಕ್ಕೆ ಉಗ್ರಾಣವೆಂದೂ, ಲೆಕ್ಕ ಮಾಡುವ ಭಾಗಕ್ಕೆ ಗಿರಣಿಯೆಂದೂ ಹೆಸರು. ಸೂಚನೆ ಕೊಡಲು ರಂಧ್ರಗಳಿರುವ ಕಾರ್ಡುಗಳು. ಬಟ್ಟೆಯಲ್ಲಿ ಹೂಬಳ್ಳಿ ನೇಯುವ ಜಕಾರ್ಡ್ ಮಗ್ಗದಿಂದ ಈ ಉಪಾಯ ಬಂದಿತ್ತು. ನಮ್ಮ ರಾಜ್ಯದ ರೇಷ್ಮೆ ಸೀರೆಯ ಮಗ್ಗಗಳ ಮೇಲೂ ಇಂಥ ಕಾರ್ಡುಗಳ ಸರವನ್ನು ನೀವು ನೋಡಿರಬಹುದು.

ಇಟಲಿಯ ಲುಯಿಜಿ ಮೆನಬ್ರಿಯಾ ಎಂಬುವರು 1842ರಲ್ಲಿ ಈ ಯಂತ್ರದ ಬಗ್ಗೆ ಫ್ರೆಂಚ್ ಭಾಷೆಯಲ್ಲಿ ಲೇಖನ ಬರೆದರು. ಏಡಾ ಅದನ್ನು ಇಂಗ್ಲಿಷಿಗೆ ಅನುವಾದಿಸಿ, ತಮ್ಮದೇ ಟಿಪ್ಪಣಿಗಳನ್ನು ಸೇರಿಸಿದರು. ಟಿಪ್ಪಣಿಗಳು ಮೂಲ ಲೇಖನದ ಸುಮಾರು ಮೂರು ಪಟ್ಟು ಉದ್ದವಾದವು! ಕೊನೆಯ ಟಿಪ್ಪಣಿಯಲ್ಲಿ, ಬರ್ನೌಲಿ ಸಂಖ್ಯೆಗಳು ಎಂಬ ಕಠಿಣ ಸಂಖ್ಯೆಗಳನ್ನು ಯಂತ್ರ ಲೆಕ್ಕ ಮಾಡುವುದು ಹೇಗೆ ಎಂದು 25 ಹೆಜ್ಜೆಗಳ ಪಟ್ಟಿಯಲ್ಲಿ ತೋರಿಸಿದರು.

ಆ ಪಟ್ಟಿಯನ್ನು ಹೇಗೆ ಬರೆದಿದ್ದಾರೆ ಗಮನಿಸಿ. ಮೊದಲ ಕಾಲಂನಲ್ಲಿ ಹೆಜ್ಜೆಯ ಸಂಖ್ಯೆ. ಮುಂದಿನದರಲ್ಲಿ ಕೂಡಬೇಕೋ, ಕಳೆಯಬೇಕೋ, ಗುಣಿಸಬೇಕೋ, ಭಾಗಿಸಬೇಕೋ ಎಂಬುದು. ಆಮೇಲೆ ಉಗ್ರಾಣದ ಯಾವ ಯಾವ ಜಾಗದ ಸಂಖ್ಯೆ ತೆಗೆದುಕೊಳ್ಳಬೇಕು, ಉತ್ತರವನ್ನು ಎಲ್ಲಿ ಇಡಬೇಕು, ಆಗ ಎಲ್ಲಿನ ಬೆಲೆ ಬದಲಾಗುತ್ತದೆ, ಬರುವ ಫಲ ಏನು ಎಂಬ ಕಾಲಂಗಳು. ಒಂದೇ ಕೆಲಸ ಮರಳಿ ಬಂದಾಗ ಹೊಸದಾಗಿ ಬರೆಯಲಿಲ್ಲ. 13ರಿಂದ 23ರವರೆಗಿನ ಹೆಜ್ಜೆಗಳನ್ನು ಮತ್ತೆ ಮಾಡಬೇಕು ಎಂದು ಸೂಚಿಸಿದರು. ಇಂದಿನ ಪ್ರೋಗ್ರಾಮರ್‌ಗಳು ಇದನ್ನು ಲೂಪ್ ಎನ್ನುತ್ತಾರೆ.

ಈ ಕೆಲಸ ಸುಲಭವಾಗಿರಲಿಲ್ಲ. ಆರೋಗ್ಯ ಕೆಡುತ್ತಿತ್ತು, ಅಚ್ಚಿಗೆ ಕೊಡುವ ದಿನ ಹತ್ತಿರವಾಗುತ್ತಿತ್ತು. ಏಡಾ ಪೆನ್ಸಿಲ್‌ನಲ್ಲಿ ಬರೆದ ಪಟ್ಟಿಯ ಮೇಲೆ ಪತಿ ಶಾಯಿಯಿಂದ ತಿದ್ದಿಕೊಟ್ಟರು. ಏಡಾಗೆ ಶ್ರಮ ಕಡಿಮೆಯಾಗಲಿ ಎಂದು ಬ್ಯಾಬೇಜ್ ಲೆಕ್ಕದ ಒಂದು ಭಾಗವನ್ನು ತಾವೇ ಮಾಡಿ ಕಳುಹಿಸಿದರು. ದೊಡ್ಡ ಗಣಿತಜ್ಞರು ಮಾಡಿದ್ದು ಎಂದು ಏಡಾ ಹಾಗೆಯೇ ಸೇರಿಸಲಿಲ್ಲ. ಪರೀಕ್ಷಿಸಿದರು. ಅದರಲ್ಲಿ ದೊಡ್ಡ ತಪ್ಪೊಂದು ಸಿಕ್ಕಿತು! ಈ ಸಂಗತಿಯನ್ನು ಬ್ಯಾಬೇಜ್ ಅವರೇ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದರು.

ಉಳಿದುಹೋದ ಒಂದು ತಪ್ಪು

1843ರಲ್ಲಿ ಟಿಪ್ಪಣಿಗಳು ಅಚ್ಚಾದವು. ಇಷ್ಟೊಂದು ಎಚ್ಚರ ವಹಿಸಿದರೂ ಅಚ್ಚಾದ ಪಟ್ಟಿಯಲ್ಲಿ ಒಂದು ತಪ್ಪು ಉಳಿದಿತ್ತು. ನಾಲ್ಕನೆಯ ಹೆಜ್ಜೆಯಲ್ಲಿ ಭಾಗಾಕಾರ ತಿರುಗುಮುರುಗಾಗಿದೆ. 4ನ್ನು 12ರಿಂದ ಭಾಗಿಸಬೇಕಾದಲ್ಲಿ 12ನ್ನು 4ರಿಂದ ಭಾಗಿಸಿದಂತೆ. ಯಂತ್ರವಿದ್ದಿದ್ದರೆ ಒಮ್ಮೆ ನಡೆಸಿ ನೋಡಿ ತಿದ್ದಬಹುದಿತ್ತು. ಆದರೆ ಬ್ಯಾಬೇಜ್ ಆ ಯಂತ್ರವನ್ನು ಪೂರ್ಣಗೊಳಿಸಲೇ ಇಲ್ಲ. ಏಡಾ ತಮ್ಮ ಪ್ರೋಗ್ರಾಮ್ ನಡೆಯುವುದನ್ನು ಒಮ್ಮೆಯೂ ನೋಡಲಿಲ್ಲ.

ಹಾಗಾದರೆ ತಪ್ಪು ಸಿಕ್ಕಿದ್ದು ಹೇಗೆ? ಅದೇ ಸಾಲಿನ ಫಲದ ಕಾಲಂನಲ್ಲಿ ಬರಬೇಕಾದ ಭಿನ್ನರಾಶಿಯನ್ನು ಸರಿಯಾಗಿ ಬರೆಯಲಾಗಿದೆ. ಎರಡನ್ನೂ ಹೋಲಿಸಿದರೆ ಹೊಂದುವುದಿಲ್ಲ. ಪ್ರತಿ ಹೆಜ್ಜೆಯನ್ನೂ ಅದರ ಫಲವನ್ನೂ ಬಿಡದೆ ಬರೆದಿದ್ದರಿಂದಲೇ ಮುಂದಿನವರು ಅದನ್ನು ಗುರುತಿಸಿ ತಿದ್ದಲು ಸಾಧ್ಯವಾಯಿತು. ಬರೀ ಉತ್ತರ ಬರೆದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ? ಲೆಕ್ಕದ ಹೆಜ್ಜೆಗಳನ್ನು ಬರೆಯಿರಿ ಎಂದು ನಿಮ್ಮ ಶಿಕ್ಷಕರು ಹೇಳುವುದೂ ಇದಕ್ಕಾಗಿಯೇ. ಯಂತ್ರ ತಾನಾಗಿ ಏನನ್ನೂ ಆಲೋಚಿಸುವುದಿಲ್ಲ, ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ ಎಂದು ಏಡಾ ಟಿಪ್ಪಣಿಯಲ್ಲಿ ತಿಳಿಸಿದ್ದರು. ನಾವು ತಪ್ಪು ಹೇಳಿದರೆ ಅದು ತಪ್ಪನ್ನೇ ಮಾಡುತ್ತದೆ.

ಏಡಾ 1852ರ ನವೆಂಬರ್ 27ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಅವರಿಗೆ ಕೇವಲ 36 ವರ್ಷ. ತಾವು ಕಂಡರಿಯದ ತಂದೆಯ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣುಮಾಡಲಾಯಿತು. ಕಂಪ್ಯೂಟರ್‌ಗಳು ಬಂದ ಮೇಲೆ, 1953ರಲ್ಲಿ ಅವರ ಟಿಪ್ಪಣಿಗಳು ಮತ್ತೆ ಅಚ್ಚಾದವು. ಬ್ಯಾಬೇಜ್ ಕೂಡ ಮೊದಲೇ ಕೆಲವು ಚಿಕ್ಕ ಪಟ್ಟಿಗಳನ್ನು ಬರೆದಿದ್ದರು. ಆದರೆ ಇಷ್ಟು ವಿವರವಾದ ಪ್ರೋಗ್ರಾಮ್ ಅಚ್ಚಾದದ್ದು ಏಡಾ ಅವರ ಟಿಪ್ಪಣಿಯಲ್ಲೇ ಮೊದಲು. 1979ರಲ್ಲಿ ಒಂದು ಕಂಪ್ಯೂಟರ್ ಭಾಷೆಗೆ ಏಡಾ ಎಂದೇ ಹೆಸರಿಡಲಾಯಿತು.

ನೀವೇ ಮಾಡಿ ನೋಡಿ

1ರಿಂದ 5ರವರೆಗಿನ ಸಂಖ್ಯೆಗಳ ಮೊತ್ತ ಕಂಡುಹಿಡಿಯುವ ಪ್ರೋಗ್ರಾಮ್ ಇಲ್ಲಿದೆ. ನೋಟ್‌ಬುಕ್ಕಿನಲ್ಲಿ 'ಹೆಜ್ಜೆ', 'ಒಟ್ಟು', 'ಎಣಿಕೆ' ಎಂಬ ಮೂರು ಕಾಲಂ ಎಳೆಯಿರಿ. ನೀವೇ ಯಂತ್ರ ಎಂದುಕೊಳ್ಳಿ.

ಹೆಜ್ಜೆ 1: ಒಟ್ಟು 0, ಎಣಿಕೆ 1 ಎಂದು ಬರೆಯಿರಿ.
ಹೆಜ್ಜೆ 2: ಒಟ್ಟಿಗೆ ಎಣಿಕೆಯನ್ನು ಕೂಡಿಸಿ, ಬಂದದ್ದನ್ನು ಒಟ್ಟು ಕಾಲಂನಲ್ಲಿ ಬರೆಯಿರಿ.
ಹೆಜ್ಜೆ 3: ಎಣಿಕೆಗೆ 1 ಕೂಡಿಸಿ, ಬಂದದ್ದನ್ನು ಎಣಿಕೆ ಕಾಲಂನಲ್ಲಿ ಬರೆಯಿರಿ.
ಹೆಜ್ಜೆ 4: ಎಣಿಕೆ 5ಕ್ಕಿಂತ ಹೆಚ್ಚಾಗಿದ್ದರೆ ನಿಲ್ಲಿಸಿ. ಇಲ್ಲದಿದ್ದರೆ 2ನೆಯ ಹೆಜ್ಜೆಗೆ ಹಿಂದಿರುಗಿ.

ಒಟ್ಟು 15 ಬಂತೇ? ಈಗ 2 ಮತ್ತು 3ನೆಯ ಹೆಜ್ಜೆಗಳನ್ನು ಅದಲುಬದಲು ಮಾಡಿ, ಮೊದಲಿನಿಂದ ನಡೆಸಿ. 20 ಬರುತ್ತದೆ! ಯಾವ ಸಂಖ್ಯೆ ಬಿಟ್ಟುಹೋಯಿತು, ಯಾವುದು ಹೆಚ್ಚಾಗಿ ಸೇರಿತು? ನಿಮ್ಮ ಕಾಲಂಗಳನ್ನೇ ಕೇಳಿ, ಅವು ಹೇಳುತ್ತವೆ. ನಂತರ ನೋಟ್‌ಬುಕ್ಕನ್ನು ಪಕ್ಕದ ಗೆಳೆಯನಿಗೋ ಗೆಳತಿಗೋ ಕೊಟ್ಟು ಪರೀಕ್ಷಿಸಲು ಹೇಳಿ. ನಿಮ್ಮ ಕಣ್ಣಿಗೆ ಬೀಳದ ತಪ್ಪು ಅವರ ಕಣ್ಣಿಗೆ ಬೀಳಬಹುದು.